ಶಾರ್ತ್ರ ಪಟ್ಟಣದ ಎರಡು ಛತ್ರಗಳು

(ಮಾತೆ ಮರಿಯಮ್ಮನವರ ಜನನೋತ್ಸವದ ಸಂದರ್ಭದಲ್ಲಿ ಒಂದು ಇತಿಹಾಸ ಚಿಂತನೆ)



ಸೆಪ್ಟೆಂಬರ್ 8 ಹತ್ತಿರ ಬಂತೆಂದರೆ ನಮ್ಮ ಮನೆಮನೆಗಳಲ್ಲಿ ಸಡಗರ. ಧ್ವಜಾರೋಹಣ, ಒಂಬತ್ತು ದಿನಗಳ ಪ್ರಾರ್ಥನೆ, ಅಲಂಕರಿಸಿದ ತೇರು, ಕೇಸರಿ ಬಟ್ಟೆ ತೊಟ್ಟು ಕಾಲ್ನಡಿಗೆಯಲ್ಲಿ ಹೊರಡುವ ಹರಕೆಯ ಜನ, ಕರಾವಳಿಯಲ್ಲಾದರೆ ಬಾಲಮರಿಯಳಿಗೆ ಮಕ್ಕಳು ಅರ್ಪಿಸುವ ಹೂವು ಮತ್ತು ಹೊಸ ತೆನೆ. ಈ ಹಬ್ಬ ನಮಗೆ ಎಷ್ಟು ಸ್ವಂತದ್ದಾಗಿದೆಯೆಂದರೆ, ಅದು ನಮ್ಮ ಮಣ್ಣಿನಲ್ಲೇ ಹುಟ್ಟಿತೇನೋ ಎನಿಸುತ್ತದೆ. ಆದರೆ ಈ ಹಬ್ಬವೂ ಬಹುದೂರ ನಡೆದು ಬಂದ ಯಾತ್ರಿಕ. ಪೂರ್ವದ ಧರ್ಮಸಭೆಯಲ್ಲಿ ಹುಟ್ಟಿ, ಏಳನೇ ಶತಮಾನದಲ್ಲಿ ರೋಮ್ ತಲುಪಿತು. ಸಿರಿಯಾ ಮೂಲದವರಾದ ಪೋಪ್ ಒಂದನೇ ಸೆರ್ಜಿಯುಸ್ (687-701) ಅವರು ಈ ಹಬ್ಬದಂದು ರೋಮ್ ನಗರದಲ್ಲಿ ಮೆರವಣಿಗೆ ನಡೆಯಬೇಕೆಂದು ವಿಧಿಸಿದರು. ಅಲ್ಲಿಂದ ಮುಂದೆ ಫ್ರಾನ್ಸ್ ದೇಶದಲ್ಲಿ ಈ ಹಬ್ಬಕ್ಕೆ ದೊಡ್ಡ ಹೆಸರು ತಂದ ಊರು ಶಾರ್ತ್ರ. ಆ ಊರಿನ ಕಥೆಯನ್ನೂ, ಅಲ್ಲಿ ನಾನು ಕಲಿತ ಒಂದು ಪಾಠವನ್ನೂ ತಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಗೋಧಿ ಹೊಲಗಳ ಮೇಲಿನ ಎರಡು ಗೋಪುರಗಳು

2017ರ ಮೇ ತಿಂಗಳಲ್ಲಿ, ನಮ್ಮ ಧರ್ಮಕೇಂದ್ರದಲ್ಲೇ ಬೆಳೆದು ಈಗ ಪ್ಯಾರಿಸ್ಸಿನಲ್ಲಿ ಕೆಲಸದಲ್ಲಿರುವ ಒಂದು ಕುಟುಂಬದ ಆಹ್ವಾನದ ಮೇರೆಗೆ ನಾನು ಫ್ರಾನ್ಸಿಗೆ ಹೋಗಿದ್ದೆ. ಪ್ಯಾರಿಸ್ಸಿನ ಮೋಂಪಾರ್ನಾಸ್ ರೈಲು ನಿಲ್ದಾಣದಿಂದ ಶಾರ್ತ್ರಕ್ಕೆ ಸುಮಾರು ಒಂದೂಕಾಲು ಗಂಟೆಯ ಪ್ರಯಾಣ. ದಾರಿಯುದ್ದಕ್ಕೂ ಬೋಸ್ ಎಂಬ ಬಯಲುಸೀಮೆ. ನಮ್ಮ ರಾಗಿ ಹೊಲಗಳಂತೆ ಕಣ್ಣು ಹಾಯಿಸಿದಷ್ಟು ದೂರಕ್ಕೂ ಗೋಧಿ. ಊರು ಕಾಣುವ ಮೊದಲೇ, ಆ ಹಸಿರಿನ ಅಂಚಿನಲ್ಲಿ ಎರಡು ಗೋಪುರಗಳು ಮಾತ್ರ ಕಾಣಿಸುತ್ತವೆ. ಒಂದರಂತೆ ಇನ್ನೊಂದಿಲ್ಲ. ದಕ್ಷಿಣದ್ದು ಸುಮಾರು 105 ಮೀಟರ್ ಎತ್ತರ, ಹನ್ನೆರಡನೇ ಶತಮಾನದ್ದು, ಸರಳ. ಉತ್ತರದ್ದು ಸುಮಾರು 113 ಮೀಟರ್ ಎತ್ತರ; ಅದರ ತುದಿಯನ್ನು ಹದಿನಾರನೇ ಶತಮಾನದ ಮೊದಲ ವರ್ಷಗಳಲ್ಲಿ ಜ್ಯಾನ್ ದ ಬೋಸ್ ಎಂಬ ಶಿಲ್ಪಿ ಕಲ್ಲಿನ ಜಾಲರಿಯಂತೆ ಕಟ್ಟಿದ. ನಡುವೆ 300ಕ್ಕೂ ಹೆಚ್ಚು ವರ್ಷಗಳ ಅಂತರ. ಆದರೂ ಒಂದೇ ತಾಯಿಯ ಇಬ್ಬರು ಮಕ್ಕಳಂತೆ ಅಕ್ಕಪಕ್ಕ ನಿಂತಿವೆ.

ಯಾತ್ರಿಕರಿಗೆಂದು ಇರುವ ಮನೆಯಲ್ಲಿ ತಂಗಬೇಕೆಂಬುದು ನನ್ನ ಆಸೆಯಾಗಿತ್ತು. ಆದರೆ ಆ ವಾರ ಅಲ್ಲಿ ವಿದ್ಯಾರ್ಥಿಗಳ ಗುಂಪೊಂದು ತುಂಬಿಕೊಂಡಿತ್ತು. ಆ ಕುಟುಂಬದವರು ನನಗೆ ತಿಳಿಸದೆಯೇ ಊರಿನ ಒಂದು ಹಳೆಯ, ಸೊಗಸಾದ ಹೋಟೆಲಿನಲ್ಲಿ ಎರಡು ರಾತ್ರಿಗೆ ಕೋಣೆ ಗೊತ್ತುಮಾಡಿದ್ದರು. ಹಿಂದೆ ಕುದುರೆ ಗಾಡಿಗಳು ನಿಲ್ಲುತ್ತಿದ್ದ ತಂಗುದಾಣವಂತೆ. ಮರದ ಮೆಟ್ಟಿಲಿನ ಮೇಲೆ ದಪ್ಪನೆಯ ರತ್ನಗಂಬಳಿ, ಗೋಡೆಯ ಮೇಲೆ ಚಿನ್ನದ ಚೌಕಟ್ಟಿನ ಕನ್ನಡಿಗಳು, ಮಂಚದ ಮೇಲೆ ಹಾಲಿನಂಥ ಬಿಳಿ ಹಾಸು. ಒಂದು ರಾತ್ರಿಯ ಬಾಡಿಗೆ ಕೇಳಿದಾಗ ನನ್ನ ಎದೆ ಝಲ್ಲೆಂದಿತು. ಅದು ನಮ್ಮ ಉಪದೇಶಿಯವರಿಗೆ ನಾವು ಕೊಡುವ ತಿಂಗಳ ಗೌರವಧನಕ್ಕಿಂತ ಹೆಚ್ಚು! "ಸ್ವಾಮಿ, ಎರಡೇ ರಾತ್ರಿ, ಬೇಡ ಅನ್ನಬೇಡಿ" ಎಂದು ಅವರು ಕೇಳಿಕೊಂಡಾಗ, ಪ್ರೀತಿಯಿಂದ ಕೊಟ್ಟದ್ದನ್ನು ತಿರಸ್ಕರಿಸಲು ಮನಸ್ಸಾಗಲಿಲ್ಲ. ಆದರೆ ಆ ಮೆತ್ತನೆಯ ಹಾಸಿಗೆಯಲ್ಲಿ ನಿದ್ದೆಯೂ ಬರಲಿಲ್ಲ. ಬೆಳಗಿನ ಜಾವಕ್ಕೇ ಎದ್ದು ಪ್ರಧಾನಾಲಯಕ್ಕೆ ಹೊರಟೆ.

ಬೆಂಕಿಯ ಬಾಯಿಂದ ಎದ್ದ ದೇವಾಲಯ

ಶಾರ್ತ್ರದ ಇತಿಹಾಸವೆಂದರೆ ಬೆಂಕಿಯ ಇತಿಹಾಸ. ಆ ಬೆಟ್ಟದ ಮೇಲೆ ಒಂದಾದ ಮೇಲೊಂದರಂತೆ ಹಲವು ದೇವಾಲಯಗಳು ಎದ್ದವು, ಸುಟ್ಟವು, ಮತ್ತೆ ಎದ್ದವು. ಅಲ್ಲಿಯ ಭಕ್ತಿಗೆ ಕೇಂದ್ರ ಒಂದು ಬಟ್ಟೆ. ಯೇಸುಸ್ವಾಮಿಯನ್ನು ಹೆತ್ತಾಗ ಮಾತೆ ಮರಿಯಮ್ಮನವರು ಉಟ್ಟಿದ್ದ ವಸ್ತ್ರವೆಂದು ಪರಂಪರೆ ಹೇಳುವ ಈ ರೇಷ್ಮೆಯ ತುಂಡನ್ನು ಚಾರ್ಲ್ಸ್ ದಿ ಬಾಲ್ಡ್ ಎಂಬ ಅರಸ 876ರಲ್ಲಿ ಈ ದೇವಾಲಯಕ್ಕೆ ಕೊಟ್ಟನಂತೆ. 911ರಲ್ಲಿ ರೊಲ್ಲೊ ಎಂಬ ನಾಯಕನ ಕೆಳಗೆ ನಾರ್ಮನ್ ದಾಳಿಕೋರರು ಊರನ್ನು ಮುತ್ತಿದಾಗ, ಧರ್ಮಾಧ್ಯಕ್ಷರು ಈ ವಸ್ತ್ರವನ್ನು ಹಿಡಿದು ತೋರಿಸಿದರೆಂದೂ ವೈರಿಗಳು ಹಿಮ್ಮೆಟ್ಟಿದರೆಂದೂ ಹಳೆಯ ಬರಹಗಳು ಹೇಳುತ್ತವೆ. ಬಹುಕಾಲ ಜನ ಇದನ್ನು ಅಂಗಿಯೆಂದೇ ತಿಳಿದಿದ್ದರು. 1712ರಲ್ಲಿ ಪೆಟ್ಟಿಗೆ ತೆರೆದು ನೋಡಿದರೆ ಒಳಗಿದ್ದದ್ದು ಅಂಗಿಯಲ್ಲ, ಹೊಲಿಗೆಯಿಲ್ಲದ ಒಂದು ಉದ್ದನೆಯ ಬಟ್ಟೆ.

ಇದು ನಿಜಕ್ಕೂ ಮಾತೆಯವರದೇ ಎಂದು ಕೆಲವರು ಕೇಳಬಹುದು. ಇಂಥ ಅವಶೇಷಗಳ ವಿಷಯದಲ್ಲಿ ಧರ್ಮಸಭೆ ಯಾರನ್ನೂ ನಂಬಲೇಬೇಕೆಂದು ಬಲವಂತ ಮಾಡುವುದಿಲ್ಲ. ನಮ್ಮ ವಿಶ್ವಾಸ ಬಟ್ಟೆಯ ಮೇಲೆ ನಿಂತಿಲ್ಲ. ಆದರೆ ಆ ಬಟ್ಟೆಯ ಮುಂದೆ ಮಂಡಿಯೂರಿದ ಲಕ್ಷಾಂತರ ತಾಯಂದಿರ ಕಣ್ಣೀರು ಮಾತ್ರ ಸುಳ್ಳಲ್ಲ.

1020ರ ಸೆಪ್ಟೆಂಬರ್ 7ರ ರಾತ್ರಿ, ಅಂದರೆ ಮಾತೆಯ ಜನನೋತ್ಸವದ ಮುನ್ನಾ ರಾತ್ರಿ, ದೇವಾಲಯ ಹೊತ್ತಿ ಉರಿಯಿತು. ಆಗ ಧರ್ಮಾಧ್ಯಕ್ಷರಾಗಿದ್ದವರು ಸಂತ ಫುಲ್ಬರ್ಟ್. ಬಡ ಮನೆತನದಿಂದ ಬಂದು, ವಿದ್ಯೆಯಿಂದ ಮೇಲೇರಿ, 1006ರಲ್ಲಿ ಧರ್ಮಾಧ್ಯಕ್ಷರಾದವರು. ಅವರು ನಡೆಸಿದ ಪಾಠಶಾಲೆಗೆ ದೂರದೂರದಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಬೂದಿಯ ಮುಂದೆ ಕೂತು ಅಳುವ ಬದಲು ಅವರು ಅರಸರಿಗೆ ಪತ್ರ ಬರೆದು ನೆರವು ಬೇಡಿದರು. ಇಂಗ್ಲೆಂಡ್ ಮತ್ತು ಡೆನ್ಮಾರ್ಕ್ ದೇಶಗಳ ಅರಸ ಕನೂಟ್ ಕಳುಹಿಸಿದ ಕಾಣಿಕೆಗೆ ಫುಲ್ಬರ್ಟರು ಬರೆದ ವಂದನಾಪತ್ರ ಇಂದಿಗೂ ಉಳಿದಿದೆ. ಆಗ ಅವರು ಕಟ್ಟಿಸಿದ ನೆಲಮಾಳಿಗೆಯ ದೇವಾಲಯ ಫ್ರಾನ್ಸಿನಲ್ಲೇ ಅತಿ ದೊಡ್ಡದು. ಇಂದಿನ ಪ್ರಧಾನಾಲಯ ನಿಂತಿರುವುದು ಅದರ ಹೆಗಲ ಮೇಲೆ. ಕಟ್ಟಡದ ಜೊತೆಗೆ ಅವರು ಹಬ್ಬವನ್ನೂ ಕಟ್ಟಿದರು. ಮರಿಯಮ್ಮನವರ ಜನನೋತ್ಸವಕ್ಕಾಗಿ ಅವರು ರಚಿಸಿದ ಪ್ರಬೋಧನೆಗಳು ಯೂರೋಪಿನ ಅನೇಕ ಮಠಗಳಲ್ಲಿ ಓದಲ್ಪಟ್ಟವು. ಸುಟ್ಟ ಗುಡಿಯ ಬೂದಿಯಿಂದ ಹುಟ್ಟುಹಬ್ಬದ ಸಂತೋಷವನ್ನು ಎತ್ತಿಕೊಟ್ಟವರು ಅವರು. 1028ರಲ್ಲಿ ತೀರಿಕೊಂಡರು.

ಮೂರನೆಯ ದಿನ

1134ರಲ್ಲಿ ಊರಿಗೆ ಮತ್ತೆ ಬೆಂಕಿ ಬಿತ್ತು. ಮುಂಭಾಗದ ಗೋಪುರಗಳನ್ನೂ 'ಅರಸರ ದ್ವಾರ' ಎಂಬ ಹೆಸರಿನ ಮೂರು ಬಾಗಿಲುಗಳನ್ನೂ ಕಟ್ಟಲು ತೊಡಗಿದ್ದು ಆಗಲೇ. 1145ರ ಹೊತ್ತಿಗೆ ಜನ, ಶ್ರೀಮಂತರು ಬಡವರೆನ್ನದೆ, ಕಲ್ಲು ತುಂಬಿದ ಗಾಡಿಗಳಿಗೆ ತಾವೇ ಹೆಗಲು ಕೊಟ್ಟು ಎಳೆದರೆಂದು ಆ ಕಾಲದ ಬರಹಗಾರರು ದಾಖಲಿಸಿದ್ದಾರೆ.

ಎಲ್ಲಕ್ಕಿಂತ ದೊಡ್ಡ ಅನಾಹುತ 1194ರ ಜೂನ್ 10ರಂದು. ಮುಂಭಾಗ ಮತ್ತು ನೆಲಮಾಳಿಗೆ ಬಿಟ್ಟರೆ ಉಳಿದದ್ದೆಲ್ಲ ಸುಟ್ಟು ಕುಸಿಯಿತು. ಮಾತೆಯ ವಸ್ತ್ರವೂ ಬೂದಿಯಾಯಿತೆಂದು ಜನ ಎದೆ ಬಡಿದುಕೊಂಡರು. ಇನ್ನು ಈ ಊರಿಗೆ ರಕ್ಷಣೆಯಿಲ್ಲ, ತಾಯಿ ನಮ್ಮನ್ನು ಬಿಟ್ಟುಹೋದಳು ಎಂಬುದು ಅವರ ಗೋಳು. ಆ ಸಮಯದಲ್ಲಿ ಪೋಪರ ಪ್ರತಿನಿಧಿ ಕಾರ್ಡಿನಲ್ ಮೆಲಿಯೋರ್ ಊರಿನಲ್ಲಿದ್ದರು. ಅವರು ಜನರನ್ನು ಸೇರಿಸಿ ಮಾತನಾಡುತ್ತಿದ್ದಾಗ, ಬೆಂಕಿ ಬಿದ್ದ ಮೂರನೆಯ ದಿನ, ಕೆಲವರು ಮಸಿ ಮೆತ್ತಿದ ಮೈಯಲ್ಲಿ ಪವಿತ್ರ ವಸ್ತ್ರದ ಪೆಟ್ಟಿಗೆಯನ್ನು ಹೊತ್ತು ಹೊರಬಂದರಂತೆ. ಬೆಂಕಿ ಹತ್ತಿದಾಗಲೇ ಅವರು ಅದನ್ನು ನೆಲಮಾಳಿಗೆಗೆ ಒಯ್ದು, ಬಾಗಿಲು ಮುಚ್ಚಿ, ಮೇಲೆ ದೇವಾಲಯ ಕುಸಿಯುತ್ತಿದ್ದರೂ ಒಳಗೇ ಉಳಿದಿದ್ದರು. ಕ್ರೈಸ್ತರಿಗೆ ಮೂರನೆಯ ದಿನವೆಂದರೆ ಏನೆಂದು ಬೇರೆ ಹೇಳಬೇಕೇ? ಗೋಳಾಡುತ್ತಿದ್ದ ಜನ ಮಂಡಿಯೂರಿದರು. ಧರ್ಮಾಧ್ಯಕ್ಷರು ಮತ್ತು ಪ್ರಧಾನಾಲಯದ ಗುರುಗಳು ತಮ್ಮ ಆದಾಯದ ದೊಡ್ಡ ಪಾಲನ್ನು ಮೂರು ವರ್ಷ ಕಟ್ಟಡಕ್ಕೆ ಕೊಡಲು ಒಪ್ಪಿದರು. ಕೆಲಸ ಎಷ್ಟು ವೇಗವಾಗಿ ಸಾಗಿತೆಂದರೆ, 1220ರ ಸುಮಾರಿಗೆ ಕಟ್ಟಡದ ಮುಖ್ಯ ಭಾಗ ಮುಗಿದಿತ್ತು. 1260ರ ಅಕ್ಟೋಬರ್ 24ರಂದು ಪ್ರತಿಷ್ಠಾಪನೆಯಾಯಿತು. ಸುಮಾರು 130 ಮೀಟರ್ ಉದ್ದ, ಒಳಗೆ ಸುಮಾರು 37 ಮೀಟರ್ ಎತ್ತರದ ಕಮಾನು ಛಾವಣಿ. ಯಂತ್ರಗಳಿಲ್ಲದ ಕಾಲದಲ್ಲಿ!

ಇಷ್ಟೆಲ್ಲ ಕೇಳಿ, ಆ ಕಾಲದಲ್ಲಿ ಎಲ್ಲವೂ ಭಕ್ತಿಮಯವಾಗಿತ್ತೆಂದು ತಿಳಿಯಬಾರದು. ಅದೇ ಕಟ್ಟಡ ಏಳುತ್ತಿದ್ದಾಗ, 1210ರಲ್ಲಿ, ಪ್ರಧಾನಾಲಯದ ಗುರುಮಂಡಳಿಯ ಮೇಲೆ ಊರಿನ ಜನ ದಂಗೆಯೆದ್ದು ಅದರ ಮುಖ್ಯಸ್ಥರ ಮನೆಗೆ ನುಗ್ಗಿದರು. ಹಣ, ಅಧಿಕಾರ, ತೆರಿಗೆ ಎಲ್ಲದರ ಜಗಳವೂ ಇತ್ತು. ದೇವರ ಮನೆ ಕಟ್ಟುವವರೂ ಮನುಷ್ಯರೇ. ನಮ್ಮ ಕಟ್ಟಡ ಸಮಿತಿಗಳಲ್ಲಿ ಕೂತು ಬಂದವರಿಗೆ ಈ ಮಾತು ಬೇಗ ಅರ್ಥವಾದೀತು.

ಅಜ್ಜಿ ಅನ್ನಮ್ಮನವರ ತೋಳಿನಲ್ಲಿ

ಪ್ರಧಾನಾಲಯದ ಉತ್ತರ ದಿಕ್ಕಿನ ಬಾಗಿಲಿನಲ್ಲಿ ನಾನು ಬಹಳ ಹೊತ್ತು ನಿಂತೆ. ನಡುಗಂಬದ ಮೇಲೆ ಇರುವ ಪ್ರತಿಮೆ ಸಂತ ಅನ್ನಮ್ಮನವರದು. ಅವರ ತೋಳಿನಲ್ಲಿ ಹಸುಗೂಸು ಮರಿಯಳು. 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರ ಧರ್ಮಯೋಧರ ಕೈಗೆ ಬಿದ್ದ ಮೇಲೆ ಅಲ್ಲಿಂದ ಸಂತ ಅನ್ನಮ್ಮನವರ ಅವಶೇಷವೊಂದು ಶಾರ್ತ್ರಕ್ಕೆ ಬಂತು. ಈ ಶಿಲ್ಪದ ಹಿನ್ನೆಲೆ ಅದು. ಒಳಗೆ ಹೋಗಿ ನೋಡಿದರೆ, ಅರಸ ಸಂತ ಲೂಯಿಯವರ ತಾಯಿ ಬ್ಲಾಂಶ್ ರಾಣಿ ಕೊಡಿಸಿದ ಗುಲಾಬಿ ಕಿಟಕಿಯ ಕೆಳಗೂ ಅದೇ ಅಜ್ಜಿ, ಅದೇ ಮಗು. ನಾವು ಸೆಪ್ಟೆಂಬರ್ 8ರಂದು ಆಚರಿಸುವ ಹಬ್ಬವನ್ನು ಅವರು ಕಲ್ಲಿನಲ್ಲೂ ಗಾಜಿನಲ್ಲೂ ಬರೆದಿಟ್ಟಿದ್ದಾರೆ.

ಶಾರ್ತ್ರದ ಬಣ್ಣದ ಗಾಜುಗಳ ಬಗ್ಗೆ ಹೇಳಲು ನನಗೆ ಮಾತು ಸಾಲದು. 170ಕ್ಕೂ ಹೆಚ್ಚು ಕಿಟಕಿಗಳು. ಬಹುಪಾಲು ಹನ್ನೆರಡು, ಹದಿಮೂರನೇ ಶತಮಾನದವು. ಅಲ್ಲಿಯ ನೀಲಿ ಬಣ್ಣ ಜಗತ್ತಿಗೇ ಪ್ರಸಿದ್ಧ. 1979ರಲ್ಲಿ ಯುನೆಸ್ಕೋ ಈ ದೇವಾಲಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಓದು ಬಾರದ ಜನರಿಗೆ ಈ ಕಿಟಕಿಗಳೇ ಬೈಬಲ್ ಆಗಿದ್ದವು. ಅನೇಕ ಕಿಟಕಿಗಳ ಕೆಳತುದಿಯಲ್ಲಿ ರೊಟ್ಟಿ ಸುಡುವವರು, ಚಪ್ಪಲಿ ಹೊಲಿಯುವವರು, ನೀರು ಹೊರುವವರು ತಮ್ಮ ತಮ್ಮ ಕೆಲಸ ಮಾಡುತ್ತಿರುವ ಚಿತ್ರಗಳಿವೆ. ಆ ಕಸುಬಿನ ಸಂಘಗಳೇ ಈ ಕಿಟಕಿಗಳನ್ನು ಕಾಣಿಕೆ ಕೊಟ್ಟವೆಂದು ಬಹುಕಾಲದಿಂದ ಹೇಳುತ್ತಾ ಬಂದಿದ್ದಾರೆ. ಅದು ಅಷ್ಟು ಸರಳವಲ್ಲವೆಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಹಣ ಯಾರದೇ ಇರಲಿ, ಅರಸರ ಚಿತ್ರಗಳಿರುವ ಮನೆಯಲ್ಲಿ ಚಮ್ಮಾರನ ಚಿತ್ರವೂ ಇದೆ ಎಂಬುದೇ ದೊಡ್ಡ ಮಾತು.

ಆ ಚಮ್ಮಾರರ ಕಿಟಕಿಯೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ದಕ್ಷಿಣದ ಪಕ್ಕಸಾಲಿನಲ್ಲಿರುವ ಆ ಕಿಟಕಿಯಲ್ಲಿ ದಯಾವಂತ ಸಮಾರಿಯದವನ ಸಾಮತಿ ಇದೆ (ಲೂಕ 10ನೇ ಅಧ್ಯಾಯ). ಜೆರಿಕೋ ದಾರಿಯ ಪಯಣಿಗ, ಕಳ್ಳರು, ನೋಡಿಯೂ ನೋಡದಂತೆ ದಾಟಿಹೋಗುವ ಯಾಜಕ, ಗಾಯ ಕಟ್ಟುವ ಸಮಾರಿಯದವನು, ಆಮೇಲೆ ಛತ್ರ. ಆದರೆ ಚಿತ್ರ ಅಲ್ಲಿಗೆ ನಿಲ್ಲುವುದಿಲ್ಲ. ಅದರ ಮೇಲ್ಭಾಗದಲ್ಲಿ ಆದಾಮ ಏವೆಯರ ಸೃಷ್ಟಿ, ಅವರ ಪತನ, ಏದೆನ್ ತೋಟದಿಂದ ಹೊರದೂಡಲ್ಪಟ್ಟ ಕಥೆ. ಎರಡಕ್ಕೂ ಏನು ಸಂಬಂಧ? ಧರ್ಮಸಭೆಯ ಪಿತೃಗಳು ಈ ಸಾಮತಿಯನ್ನು ಓದುತ್ತಿದ್ದ ರೀತಿ ಅದು. ಒರಿಗೇನ್, ಸಂತ ಅಗಸ್ಟೀನ್ ಮುಂತಾದವರ ಪ್ರಕಾರ ದಾರಿಯಲ್ಲಿ ಬಿದ್ದ ಗಾಯಾಳು ಆದಾಮ, ಅಂದರೆ ನಾವೆಲ್ಲರೂ. ಸಮಾರಿಯದವನು ಯೇಸುಕ್ರಿಸ್ತ. ಅವನು ಗಾಯಾಳುವನ್ನು ತಂದು ಒಪ್ಪಿಸುವ ಛತ್ರವೇ ಧರ್ಮಸಭೆ. ಗುರುಮಠದಲ್ಲಿ ನಾನು ಇದನ್ನು ಪರೀಕ್ಷೆಗಾಗಿ ಓದಿದ್ದೆ. ಅಂದು ಮೊದಲ ಬಾರಿಗೆ ಅದನ್ನು ಕಣ್ಣಾರೆ ಕಂಡೆ.

ಇಳಿಜಾರಾದ ನೆಲ

ಅಲ್ಲಿ ಯಾತ್ರಿಕರಿಗೆ ವಿವರಿಸುತ್ತಿದ್ದ ಒಬ್ಬ ವಯಸ್ಸಾದ ಮಾರ್ಗದರ್ಶಿ ನಮ್ಮನ್ನು ನೆಲ ನೋಡಲು ಹೇಳಿದರು. ಕಲ್ಲುಹಾಸಿನ ನೆಲ ಬಲಿಪೀಠದ ಕಡೆಯಿಂದ ಮುಂಬಾಗಿಲ ಕಡೆಗೆ ಸ್ವಲ್ಪ ಇಳಿಜಾರಾಗಿದೆ. ಕಾರಣವೇನು ಗೊತ್ತೇ ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಹಬ್ಬದ ದಿನಗಳಲ್ಲಿ ದೂರದಿಂದ ನಡೆದು ಬಂದ ಯಾತ್ರಿಕರು ರಾತ್ರಿ ಇದೇ ನೆಲದ ಮೇಲೆ ಮಲಗುತ್ತಿದ್ದರು. ಕೆಸರು ಕಾಲು, ಬೆವರಿನ ಬಟ್ಟೆ, ಅಳುವ ಮಕ್ಕಳು, ರೋಗಿಗಳು. ಬೆಳಗಾದ ಮೇಲೆ ನೀರು ಹುಯ್ದು ತೊಳೆದರೆ ಹರಿದು ಹೋಗಲಿ ಎಂದು ನೆಲವನ್ನು ಇಳಿಜಾರು ಮಾಡಿದ್ದಾರೆಂದು ಪರಂಪರೆ ಹೇಳುತ್ತದೆ ಎಂದರು.

ನೆಲಮಾಳಿಗೆಯಲ್ಲಂತೂ ಆಸ್ಪತ್ರೆಯೇ ಇತ್ತು. ಮಧ್ಯಯುಗದಲ್ಲಿ ಬೂಷ್ಟು ಹಿಡಿದ ರೈ ಧಾನ್ಯದ ರೊಟ್ಟಿ ತಿಂದು ಕೈಕಾಲು ಬೆಂಕಿ ಹತ್ತಿದಂತೆ ಉರಿಯುವ ಒಂದು ಭೀಕರ ಕಾಯಿಲೆ ಹರಡುತ್ತಿತ್ತು. ಆ ರೋಗಿಗಳನ್ನು ನೆಲಮಾಳಿಗೆಯ ಹಳೆಯ ಬಾವಿಯ ಬಳಿ ಮಲಗಿಸಿ, ಒಂಬತ್ತು ದಿನ ಇಟ್ಟುಕೊಂಡು, ಸ್ತ್ರೀಯರು ಆರೈಕೆ ಮಾಡುವ ಪರಿಪಾಠವಿತ್ತು. ಒಂಬತ್ತು ದಿನ! ನಮ್ಮ ನವದಿನ ಪ್ರಾರ್ಥನೆಯ ಲೆಕ್ಕವೇ. ನಾವು ಒಂಬತ್ತು ದಿನ ಪ್ರಾರ್ಥಿಸಿ ಮನೆಗೆ ಹೋಗುತ್ತೇವೆ. ಅವರು ಪ್ರಾರ್ಥಿಸುತ್ತಲೇ ಒಂಬತ್ತು ದಿನ ರೋಗಿಯ ಗಾಯ ತೊಳೆಯುತ್ತಿದ್ದರು.

ಪ್ರಧಾನಾಲಯದ ಮಗ್ಗುಲಲ್ಲೇ ಬಡವರ ಆಸ್ಪತ್ರೆಯೂ ಇತ್ತು. ಫ್ರೆಂಚರು ಅದನ್ನು 'ಓತೆಲ್-ದ್ಯು' ಎನ್ನುತ್ತಾರೆ. ದೇವರ ಹೋಟೆಲು! ಹೋಟೆಲ್ ಮತ್ತು ಹಾಸ್ಪಿಟಲ್ ಎಂಬ ಎರಡು ಪದಗಳೂ ಲತೀನ್ ಭಾಷೆಯ ಒಂದೇ ಬೇರಿನಿಂದ ಬಂದವು. ಆ ಬೇರಿನ ಅರ್ಥ ಅತಿಥಿ. ಬರುವ ಪ್ರತಿಯೊಬ್ಬ ಅತಿಥಿಯನ್ನೂ ಸಾಕ್ಷಾತ್ ಕ್ರಿಸ್ತನೆಂದೇ ಸ್ವೀಕರಿಸಬೇಕೆಂದು ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗೆ ವಿಧಿಸಿದ್ದರು. ಅತಿಥಿಯನ್ನು ದೇವರೆಂದು ಕಾಣುವ ನಾಡಿನಲ್ಲಿ ಹುಟ್ಟಿದ ನಮಗೆ ಇದು ಹೊಸ ಮಾತಲ್ಲ. ಆದರೆ ಗೊತ್ತಿರುವ ಮಾತೇ ಹೆಚ್ಚು ಚುಚ್ಚುತ್ತದೆ.

ನನ್ನ ಛತ್ರದ ಬಾಗಿಲು

ಪ್ರಿಯರೇ, ಅಂದು ಆ ನೆಲವನ್ನು ನೋಡುತ್ತಾ ನನಗೆ ನನ್ನ ದೇವಾಲಯದ ನೆಲ ನೆನಪಾಯಿತು. ಹಿಂದಿನ ವರ್ಷವಷ್ಟೇ ನಾವು ಹಳೆಯ ಸಿಮೆಂಟ್ ನೆಲ ತೆಗೆಸಿ ಗ್ರಾನೈಟ್ ಹಾಕಿಸಿದ್ದೆವು. ಜನ ಹೊಟ್ಟೆ ಬಟ್ಟೆ ಕಟ್ಟಿ ಕೊಟ್ಟ ಹಣ. ನವದಿನ ಪ್ರಾರ್ಥನೆಯ ಎಂಟನೆಯ ದಿನ ರಾತ್ರಿ ಹತ್ತರ ಸುಮಾರಿಗೆ, ಜೋರು ಮಳೆಯಲ್ಲಿ, ಪಕ್ಕದ ತಾಲ್ಲೂಕಿನಿಂದ ಹರಕೆ ಹೊತ್ತು ನಡೆದು ಬರುತ್ತಿದ್ದ ಸುಮಾರು 20 ಮಂದಿ ನಮ್ಮ ಬಾಗಿಲಿಗೆ ಬಂದರು. ಅವರಲ್ಲಿ ಜ್ವರದಿಂದ ಬಳಲುತ್ತಿದ್ದ ಒಂದು ಮಗುವಿತ್ತು, ಬೆನ್ನು ಬಾಗಿದ ಒಬ್ಬ ಅಜ್ಜಿ ಇದ್ದರು. ಒಳಗೆ ಒಂದು ಮೂಲೆಯಲ್ಲಿ ಬೆಳಗಿನ ತನಕ ಒರಗಿಕೊಳ್ಳಲು ಜಾಗ ಕೇಳಿದರು. ಅಂದು ಮಧ್ಯಾಹ್ನವಷ್ಟೇ ಹಬ್ಬಕ್ಕೆಂದು ನೆಲ ಉಜ್ಜಿಸಿದ್ದೆ. ಅವರ ಕಾಲುಗಳನ್ನು ನೋಡಿದೆ. "ದೇವಾಲಯ ತೆರೆಯುವ ಹಾಗಿಲ್ಲ, ಬಸ್ ನಿಲ್ದಾಣದಲ್ಲಿ ಚಾವಣಿ ಇದೆ, ಅಲ್ಲಿಗೆ ಹೋಗಿ" ಎಂದೆ. ಅವರು ಒಂದು ಮಾತೂ ಎದುರಾಡದೆ ಹೋದರು.

ಮರುದಿನ ಬೆಳಗಿನ ಬಲಿಪೂಜೆಗೆ ಅವರೆಲ್ಲ ಬಂದರು. ಪೂಜೆ ಮುಗಿದ ಮೇಲೆ ಆ ಅಜ್ಜಿ ಸೆರಗಿನ ಗಂಟು ಬಿಚ್ಚಿ ಕಾಣಿಕೆ ಡಬ್ಬಿಗೆ ನಾಣ್ಯ ಹಾಕಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, "ನೆಲ ಕನ್ನಡಿ ಹಂಗೆ ಹೊಳೀತದೆ ಸ್ವಾಮ್ಯೋರೆ" ಎಂದರು. ಅದರಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಮೆಚ್ಚಿಕೊಂಡೇ ಹೇಳಿದ್ದರು. ಆಗ ನನಗೆ ಏನೂ ಅನಿಸಲಿಲ್ಲ. ಸುಮಾರು ಎಂಟು ಸಾವಿರ ಕಿಲೋಮೀಟರ್ ದೂರದ ಶಾರ್ತ್ರದಲ್ಲಿ, ಆ ಸವೆದ ಕಲ್ಲುಗಳ ಮೇಲೆ ನಿಂತಾಗ ಆ ಮಾತು ಬಂದು ನನ್ನ ಎದೆಗೆ ನಾಟಿತು. ಕಿಟಕಿಯಲ್ಲಿ ದಾಟಿಹೋಗುತ್ತಿದ್ದ ಯಾಜಕನ ಮುಖವನ್ನು ನಾನು ಎರಡನೆಯ ಬಾರಿ ನೋಡಲಾರದೆ ಹೋದೆ.

ಹೋಟೆಲಿಗೆ ಮರಳಿದೆ. ಬೆಳಿಗ್ಗೆ ಏನೂ ತಿನ್ನದೆ ಹೋಗಿದ್ದನ್ನು ಗಮನಿಸಿದ್ದ ಅಲ್ಲಿಯ ಕೆಲಸದಾಕೆ ಒಂದು ತಟ್ಟೆಯಲ್ಲಿ ರೊಟ್ಟಿ, ಬೆಣ್ಣೆ, ಹಣ್ಣು ಎತ್ತಿಟ್ಟಿದ್ದಳು. ಮಳೆಯಲ್ಲಿ ಒದ್ದೆಯಾದ ನನ್ನ ಬೂಟುಗಳನ್ನು ಒಬ್ಬ ಹುಡುಗ ಕೇಳದೆಯೇ ಒಯ್ದು ಒಣಗಿಸಿ ತಂದ. ನನ್ನ ಕೆಸರು ಹೆಜ್ಜೆಗಳು ರತ್ನಗಂಬಳಿಯ ಮೇಲೆ ಮೂಡಿದ್ದವು; ಯಾರೂ ಮುಖ ಸಿಂಡರಿಸಲಿಲ್ಲ. ಅವರು ಹಣ ಪಡೆದು ಉಪಚರಿಸುವವರು, ನಿಜ. ಆದರೆ ಹಣವಿಲ್ಲದೆ ಉಪಚರಿಸಲು ಕರೆ ಪಡೆದ ನಾನು ಏನು ಮಾಡಿದ್ದೆ? ಸೊಗಸಾದ ಹೋಟೆಲಿನಲ್ಲಿ ತಂಗಿದ್ದು ನನ್ನ ಪಾಪವಲ್ಲ. ದೇವರ ಛತ್ರವನ್ನು ಸೊಗಸಾಗಿಡಲು ಹೋಗಿ ಅದರ ಬಾಗಿಲು ಮುಚ್ಚಿದ್ದು ನನ್ನ ಪಾಪ. ಮರುದಿನ ಹೊರಡುವ ಮೊದಲು ಪ್ರಧಾನಾಲಯದಲ್ಲಿ, ಅರ್ಧ ಇಂಗ್ಲಿಷಿನಲ್ಲಿ, ಪಾಪನಿವೇದನೆ ಮಾಡಿದೆ.

ಉಳಿಸಿದ ಕೈಗಳು

ಆ ದೇವಾಲಯ ಇಂದು ಉಳಿದಿರುವುದೂ ಯಾರೋ ಕೆಲವರು ದಾಟಿಹೋಗದೆ ನಿಂತದ್ದರಿಂದ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ನೆಲಮಾಳಿಗೆಯ ಮಾತೆಯ ಹಳೆಯ ಮರದ ಪ್ರತಿಮೆಯನ್ನು ಬಾಗಿಲ ಮುಂದೆಯೇ ಸುಟ್ಟರು. ಪವಿತ್ರ ವಸ್ತ್ರವನ್ನು ಕತ್ತರಿಸಿ ಹಂಚಿದರು. ಕಟ್ಟಡವನ್ನೇ ಕೆಡವುವ ಮಾತೂ ನಡೆಯಿತು. 1836ರ ಜೂನ್ 4ರಂದು ಮರದ ಮೇಲ್ಛಾವಣಿ ಸುಟ್ಟುಹೋಗಿ, ಅದರ ಜಾಗದಲ್ಲಿ ಕಬ್ಬಿಣದ ಚೌಕಟ್ಟು, ತಾಮ್ರದ ಹೊದಿಕೆ ಬಂತು. 2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಉರಿಯುವುದನ್ನು ಟಿವಿಯಲ್ಲಿ ನೋಡಿ ನಾವು ಕಣ್ಣೀರಿಟ್ಟೆವಲ್ಲ, ಶಾರ್ತ್ರದ ಜನ ಅದನ್ನು ಹಿಂದೆಯೇ ಅನುಭವಿಸಿದ್ದರು. ನೋತ್ರ್ ದಾಮ್ ಕೂಡ 2024ರ ಡಿಸೆಂಬರಿನಲ್ಲಿ ಮತ್ತೆ ಬಾಗಿಲು ತೆರೆಯಿತು.

ಎರಡನೇ ಮಹಾಯುದ್ಧ ಹೊಸ್ತಿಲಲ್ಲಿದ್ದಾಗ, 1939ರಲ್ಲಿ, ಕಿಟಕಿಗಳ ಗಾಜನ್ನೆಲ್ಲ ಬಿಚ್ಚಿ ಪೆಟ್ಟಿಗೆಗಳಲ್ಲಿಟ್ಟು ಬೇರೆಡೆ ಸಾಗಿಸಿದರು. 1944ರ ಆಗಸ್ಟ್ 16ರಂದು, ಗೋಪುರದಲ್ಲಿ ಜರ್ಮನ್ ಸೈನಿಕರು ಅಡಗಿದ್ದಾರೆಂಬ ಶಂಕೆಯಿಂದ ಅಮೆರಿಕದ ಸೇನೆ ಅದರ ಮೇಲೆ ಗುಂಡಿನ ಸುರಿಮಳೆಗೆ ಸಿದ್ಧವಾಗಿತ್ತು. ವೆಲ್ಬೋರ್ನ್ ಗ್ರಿಫಿತ್ ಎಂಬ ಕರ್ನಲ್ ಅದನ್ನು ಒಪ್ಪದೆ, ತಾನೇ ಪ್ರಾಣದ ಹಂಗು ತೊರೆದು ಒಳಗೆ ಹೋಗಿ ಗೋಪುರ ಹತ್ತಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಆಜ್ಞೆ ರದ್ದಾಯಿತು, ದೇವಾಲಯ ಉಳಿಯಿತು. ಅದೇ ದಿನ ಊರಿನ ಹೊರವಲಯದಲ್ಲಿ ಆತ ಗುಂಡೇಟಿಗೆ ಬಲಿಯಾದ.

ನಮ್ಮ ನಾಡಿಗೂ ಈ ಕಥೆಗೂ ನಂಟಿದೆ. ನಮ್ಮ ಮೈಸೂರು ಸೀಮೆಯಲ್ಲಿ ದುಡಿದ ಅನೇಕ ಮಿಷನರಿಗಳು ಇದೇ ಫ್ರಾನ್ಸಿನ ಹಳ್ಳಿಗಳಿಂದ ಬಂದವರು. ಅಬ್ಬೆ ದ್ಯುಬುವಾ ಅವರು 1799ರ ನಂತರ ಶ್ರೀರಂಗಪಟ್ಟಣ, ಮೈಸೂರು ಸುತ್ತಮುತ್ತ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಸಿಡುಬಿನ ಲಸಿಕೆ ಹರಡಲು ಶ್ರಮಿಸಿದರು. ಬೆಂಗಳೂರಿನ ಶಿವಾಜಿನಗರದಲ್ಲಿ ಅವರು ಕಟ್ಟಿಸಿದ್ದು ಹುಲ್ಲು ಹೊದಿಸಿದ ಸಣ್ಣ ಪ್ರಾರ್ಥನಾಲಯ. ಆ ಜಾಗದಲ್ಲೇ ಮುಂದೆ ಗುರು ಕ್ಲೈನರ್ ಅವರು ತಮ್ಮ ನಾಡಿನ ಚೂಪು ಕಮಾನುಗಳ ಶೈಲಿಯಲ್ಲಿ ಕಟ್ಟಿಸಿದ ಸಂತ ಮರಿಯಮ್ಮನವರ ದೇವಾಲಯ, ಇಂದಿನ ಬೆಸಿಲಿಕಾ, ಉದ್ಘಾಟನೆಯಾದದ್ದು 1882ರ ಸೆಪ್ಟೆಂಬರ್ 8ರಂದು. ಶಾರ್ತ್ರದಲ್ಲಿ ಫುಲ್ಬರ್ಟರು ಬೆಳಗಿಸಿದ ಹಬ್ಬವೇ! ಆ ಗೋಪುರದ ಎದುರು ರಸ್ತೆಯಲ್ಲಿ ಜಾತಿ ಮತ ಕೇಳದೆ ನಿಲ್ಲುವ ಜನಸ್ತೋಮವನ್ನು ನೋಡಿದಾಗಲೆಲ್ಲ, ಇದು ಎಲ್ಲರ ಛತ್ರವೆಂದು ನನಗನಿಸುತ್ತದೆ.

ನಮ್ಮ ಹಬ್ಬಕ್ಕೊಂದು ಪ್ರಶ್ನೆ

ಊರಿಗೆ ಮರಳಿದ ಮೇಲೆ ನಡೆದದ್ದನ್ನೆಲ್ಲ ಧರ್ಮಕೇಂದ್ರದ ಪಾಲನಾ ಸಮಿತಿಯ ಮುಂದೆ ಹೇಳಿದೆ. ಆ ವರ್ಷದಿಂದ ನವದಿನಗಳಲ್ಲಿ ರಾತ್ರಿಯಿಡೀ ನಮ್ಮ ದೇವಾಲಯದ ಬಾಗಿಲು ತೆರೆದಿರುತ್ತದೆ. ಯುವಜನ ಸರದಿಯ ಮೇಲೆ ಕಾವಲಿರುತ್ತಾರೆ. ತಾಯಂದಿರು ಬಿಸಿನೀರು, ಗಂಜಿ ಸಿದ್ಧ ಮಾಡುತ್ತಾರೆ. ಬೆಳಗಿನ ಐದು ಗಂಟೆಗೆ ಬಕೆಟ್ಟು ಹಿಡಿದು ನೆಲ ತೊಳೆಯುವವರಲ್ಲಿ ನಾನೂ ಒಬ್ಬ. ನಮ್ಮ ನೆಲ ಇಳಿಜಾರಾಗಿಲ್ಲ. ನೀರನ್ನು ಪೊರಕೆಯಿಂದ ತಳ್ಳಬೇಕು. ಬಾಗಿಲ ಬಳಿ ಎಣ್ಣೆಯ ಒಂದು ಕಲೆ ಎಷ್ಟು ಉಜ್ಜಿದರೂ ಹೋಗಿಲ್ಲ. ಹೋಗದಿರಲಿ ಎಂದು ಬಿಟ್ಟಿದ್ದೇನೆ. ಆ ಅಜ್ಜಿ ಮತ್ತೆ ಬಂದಿಲ್ಲ. ಪ್ರತಿ ವರ್ಷ ಎಂಟನೆಯ ದಿನದ ರಾತ್ರಿ ನನ್ನ ಕಣ್ಣು ಬಾಗಿಲ ಕಡೆಗೇ ಇರುತ್ತದೆ.

ಪ್ರಿಯ ಕುಟುಂಬದವರೇ, ಹುಟ್ಟುಹಬ್ಬವೆಂದರೆ ಮನೆಗೆ ಅತಿಥಿಗಳು ಬರುವ ದಿನ. ಇಂದು ಹುಟ್ಟಿದ ಈ ಮಗುವೇ ಮುಂದೆ ತುಂಬುಗರ್ಭಿಣಿಯಾಗಿ ಬೆತ್ಲೆಹೇಮಿನಲ್ಲಿ ಛತ್ರದಲ್ಲಿ ಸ್ಥಳ ಸಿಗದೆ ನಿಂತಳು. ಆದ್ದರಿಂದ ತಾಯಿಯ ಹುಟ್ಟುಹಬ್ಬಕ್ಕೆ ನಾವು ಕೊಡಬಹುದಾದ ಕಾಣಿಕೆ ತೇರಿನ ಹೂವು ಮಾತ್ರವಲ್ಲ, ತೆರೆದ ಬಾಗಿಲು ಕೂಡ. ನಮ್ಮ ಮನೆಗಳ ನೆಲವೂ ಈಗ ಹೊಳೆಯುತ್ತಿದೆ. ಆ ನೆಲದ ಮೇಲೆ ವಯಸ್ಸಾದ ಅತ್ತೆಯವರಿಗೆ, ಹಳ್ಳಿಯಿಂದ ಆಸ್ಪತ್ರೆಗೆ ಬಂದ ಬಡ ನೆಂಟರಿಗೆ, ಕೆಲಸ ಹುಡುಕಿ ಬಂದ ಹುಡುಗನಿಗೆ ಚಾಪೆ ಹಾಸುವಷ್ಟು ಜಾಗವಿದೆಯೇ? ಈ ಒಂಬತ್ತು ದಿನಗಳಲ್ಲಿ ಒಮ್ಮೆಯಾದರೂ ಕೇಳಿಕೊಳ್ಳೋಣ.

ಎಂಟು ಶತಮಾನಗಳ ಯಾತ್ರಿಕರ ಪಾದಗಳಿಂದ ಶಾರ್ತ್ರದ ಕಲ್ಲುಗಳು ಸವೆದಿವೆ. ಸವೆದದ್ದರಿಂದಲೇ ಅವು ಸುಂದರವಾಗಿವೆ. ನಮ್ಮ ಬದುಕಿನ ನೆಲವೂ ಇನ್ನೊಬ್ಬರ ಪಾದಗಳಿಂದ ಸವೆಯಲೆಂದು ಆ ತಾಯಿ ನಮಗಾಗಿ ತಮ್ಮ ಪುತ್ರನಲ್ಲಿ ಬಿನ್ನವಿಸಲಿ. ಎಲ್ಲರಿಗೂ ಮಾತೆ ಮರಿಯಮ್ಮನವರ ಜನನೋತ್ಸವದ ಶುಭಾಶಯಗಳು. ಆಮೆನ್.